ಗೊಂಬೆ ಪೆಟ್ಟಿಗೆಯ ಒಡೆತನ: ಅನಿಮೇಷನ್ ಕಲಾವಿದನ ಸ್ವತಂತ್ರ ವೃತ್ತಿ – ಒಂದು ಜಾನಪದೀಯ ನೋಟ

ಕುಣಿಗಲ್ ತಾಲ್ಲೂಕಿನ ಅಮೃತೂರು ಒಂದು ಹೋಬಳಿ ಕೇಂದ್ರ. ತಾಲ್ಲೂಕಿಗೆ ಹೊಂದಿಕೊಂಡಂತೆ ತೊಗಲುಗೊಂಬೆಯಾಟಕ್ಕೆ ಹೆಸರಾದ ನಾಗಮಂಗಲ ಸೀಮೆಯಿದೆ. ಅದೇ ಜಿಲ್ಲೆಯೊಳಗೆ ವೃತ್ತಿ ನಾಟಕ ಕಂಪನಿಯ ತವರಾದ ಗುಬ್ಬಿಯಿದೆ. ಕುಣಿಗಲ್ಲಿನಿಂದ ಹೆದ್ದಾರಿ ಹಿಡಿದು ಸುಮಾರು 70 ಕಿಲೋಮೀಟರು ಸಾಗಿದರೆ ಅನಿಮೇಷನ್ ಉದ್ಯಮದ ಬೆಂಗಳೂರು ಸಿಗುತ್ತದೆ. ಚಿತ್ರಕ್ಕೆ ಚಲನೆ ಕೊಟ್ಟು, ವೇಷಕ್ಕೆ ಮಾತು ಕೊಟ್ಟು ಬದುಕುವ ಮೂರು ಬಗೆಯ ವ್ಯವಸ್ಥೆಗಳು, ಅಂದರೆ ಮೇಳ, ಕಂಪನಿ ಮತ್ತು ಸ್ಟುಡಿಯೊ, ಹೀಗೆ ಈ ಒಂದು ಊರಿನ ಸುತ್ತಲೇ ಕಾಣಸಿಗುತ್ತವೆ. ಇಂತಹ ಊರಿನ ಯುವಕನೋ ಯುವತಿಯೋ ಇಂದು ಚಿತ್ರ ಬರೆಯುವ ಕೈಯನ್ನೇ ನಂಬಿ ಹೊರಟರೆ ಮೊದಲು ಸೇರುವುದು ಸ್ಟುಡಿಯೊವನ್ನು. ಕೆಲವು ವರ್ಷಗಳ ನಂತರ ಅಲ್ಲಿಂದ ಹೊರಬಂದು ಸ್ವತಂತ್ರವಾಗಿ ದುಡಿಯಬೇಕೆಂಬ ಆಸೆ ಹಲವರಲ್ಲಿ ಮೂಡುತ್ತದೆ. ಆ ಸ್ವಾತಂತ್ರ್ಯವೆಂದರೆ ನಿಜವಾಗಿ ಏನು, ಅದರಿಂದ ಕಲಾವಿದನ ಕೈಗೆ ಬರುವುದೇನು, ಕೈತಪ್ಪುವುದೇನು ಎಂಬ ಪ್ರಶ್ನೆಗಳನ್ನು ಜಾನಪದದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅನಿಮೇಷನ್ ಎಂಬುದು ಕಂಪ್ಯೂಟರಿನೊಂದಿಗೆ ಬಂದ ಹೊಸ ವಿದ್ಯೆ, ಅದಕ್ಕೂ ಜಾನಪದಕ್ಕೂ ಸಂಬಂಧವಿಲ್ಲ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಬೆಳಕಿನ ಮುಂದೆ ಬಣ್ಣದ ಆಕೃತಿಯನ್ನು ಚಲಿಸುವಂತೆ ಮಾಡಿ, ಪರದೆಯ ಮೇಲೆ ಕಥೆ ನಡೆಸುವ ಕಲೆ ಸಿನಿಮಾ ಹುಟ್ಟುವ ಮೊದಲೇ ಈ ನಾಡಿನಲ್ಲಿ ಬೇರೂರಿತ್ತು. ಆದ್ದರಿಂದ ವಿಚಾರವನ್ನು ತೊಗಲುಗೊಂಬೆಯ ಮೇಳದಿಂದಲೇ ಆರಂಭಿಸುವುದು ಸೂಕ್ತ.

ಮೇಳ ಮತ್ತು ಪೆಟ್ಟಿಗೆ

ತೊಗಲುಗೊಂಬೆಯಾಟವನ್ನು ಕುಲವೃತ್ತಿಯಾಗಿ ಉಳಿಸಿಕೊಂಡು ಬಂದವರು ಕಿಳ್ಳೇಕ್ಯಾತರು. ಸಿಳ್ಳೇಕ್ಯಾತರು ಎಂಬ ರೂಪವೂ ಬಳಕೆಯಲ್ಲಿದೆ. ಆಟದ ನಡುವೆ ಬಂದು ನಗಿಸುವ ಹಾಸ್ಯದ ಗೊಂಬೆ ಕಿಳ್ಳೇಕ್ಯಾತ. ಅವನ ಜೊತೆಗಾತಿ ಬಂಗಾರಕ್ಕ. ಗೊಂಬೆಯ ಹೆಸರೇ ಆಡಿಸುವವರ ಹೆಸರಾದುದು ಗಮನಾರ್ಹ. ಮನೆಯಲ್ಲಿ ಮರಾಠಿ ಮೂಲದ ನುಡಿಯನ್ನಾಡುವ ಈ ಜನ ಪರದೆಯ ಹಿಂದೆ ಕುಳಿತಾಗ ಕನ್ನಡದ ರಾಮಾಯಣ, ಮಹಾಭಾರತಗಳನ್ನು ಹಾಡುತ್ತಾರೆ. ಆಟವಿಲ್ಲದ ದಿನಗಳಲ್ಲಿ ಕೆರೆ ಹೊಳೆಗಳಲ್ಲಿ ಮೀನು ಹಿಡಿದು ಬದುಕುವುದು ಇವರ ಇನ್ನೊಂದು ಕಸುಬಾಗಿತ್ತು.

ಗೊಂಬೆ ತಯಾರಿಕೆಯ ಕ್ರಮ ಹೀಗಿದೆ. ಆಡಿನ ಅಥವಾ ಜಿಂಕೆಯ ಚರ್ಮವನ್ನು ಹದಮಾಡಿ, ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿಸುತ್ತಾರೆ. ಅದರ ಮೇಲೆ ಆಕೃತಿ ಬರೆದು, ಕತ್ತರಿಸಿ, ಉಳಿಯಿಂದ ರಂಧ್ರಗಳನ್ನು ಕೊರೆದು ಒಡವೆ ವಸ್ತ್ರಗಳ ವಿನ್ಯಾಸ ಮೂಡಿಸಿ, ಬಣ್ಣ ಹಾಕುತ್ತಾರೆ. ಗೊಂಬೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ದೊಡ್ಡ ಗೊಂಬೆಗಳಲ್ಲಿ ಕೈ ಕಾಲುಗಳನ್ನು ಬಿಡಿಬಿಡಿಯಾಗಿ ಮಾಡಿ ದಾರದ ಗಂಟಿನಿಂದ ಕೂಡಿಸಿರುತ್ತಾರೆ. ಚಿಕ್ಕ ಗೊಂಬೆಗಳಲ್ಲಿ ಹಲವು ಪಾತ್ರಗಳು, ಮರ, ಮಂಟಪಗಳೆಲ್ಲ ಒಂದೇ ತೊಗಲಿನ ಮೇಲೆ ಇಡೀ ಸನ್ನಿವೇಶವಾಗಿ ಮೂಡಿರುವುದೂ ಉಂಟು. ಅನಿಮೇಷನ್ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಕೀಲುಗೊಂಬೆಯ ಚಲನೆ, ಎರಡನೆಯದು ದೃಶ್ಯದ ವಿನ್ಯಾಸ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಪೂರೈಸಿದ ‘ರಾಜಕುಮಾರ ಅಹ್ಮದನ ಸಾಹಸಗಳು’ ಚಿತ್ರ ಕಪ್ಪು ಕಾಗದದ ಕೀಲುಗೊಂಬೆಗಳನ್ನು ಬೆಳಕಿನ ಮೇಜಿನ ಮೇಲೆ ಸ್ವಲ್ಪ ಸ್ವಲ್ಪವೇ ಸರಿಸಿ, ಚೌಕಟ್ಟು ಚೌಕಟ್ಟಾಗಿ ಸೆರೆಹಿಡಿದದ್ದು. ಉಳಿದಿರುವ ಪೂರ್ಣಾವಧಿಯ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಆ ತಂತ್ರಕ್ಕೂ ತೊಗಲುಗೊಂಬೆಗೂ ಇರುವ ನಂಟು ಮೇಲ್ನೋಟಕ್ಕೇ ತಿಳಿಯುವಂಥದು.

ವೃತ್ತಿಯ ದೃಷ್ಟಿಯಿಂದ ಇಲ್ಲಿ ಮುಖ್ಯವಾದುದು ಗೊಂಬೆಯ ಪೆಟ್ಟಿಗೆ. ಮೇಳವೆಂದರೆ ಬಹುಮಟ್ಟಿಗೆ ಒಂದು ಕುಟುಂಬ. ಒಬ್ಬರು ಗೊಂಬೆ ಹಿಡಿದು ಹಾಡುತ್ತಾರೆ. ಹೆಂಗಸರು ಸ್ತ್ರೀಪಾತ್ರಗಳಿಗೆ ದನಿಯಾಗುತ್ತಾರೆ. ಉಳಿದವರು ಮದ್ದಳೆ, ತಾಳ ನೋಡಿಕೊಳ್ಳುತ್ತಾರೆ. ಗೊಂಬೆಗಳು ಆ ಕುಟುಂಬದವು, ತಲೆಮಾರಿನಿಂದ ತಲೆಮಾರಿಗೆ ಬಂದವು. ಕಥೆ ನಾಡಿನದು, ಆದರೆ ಅದನ್ನು ಹೇಳುವ ಪಾಠ ಮನೆತನದ್ದು. ನೋಡುವವರು ಗೊತ್ತಿರುವ ಊರುಗಳವರು: ಕೊಯ್ಲು ಮುಗಿದ ಮೇಲೆ ಕರೆಸಿ ಕಾಳುಕಡ್ಡಿ ಕೊಡುವವರು, ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಆಡಿಸುವವರು. ಹೀಗೆ ಆಕೃತಿ, ಕಥನ, ಪ್ರೇಕ್ಷಕ ಎಂಬ ಮೂರೂ ಕಲಾವಿದನ ಹಿಡಿತದಲ್ಲಿದ್ದುವು. ಬಡತನವಿತ್ತು, ಸಮಾಜದಲ್ಲಿ ಕೆಳಗಿನ ಸ್ಥಾನವಿತ್ತು; ಆದರೂ ತಾನು ಮಾಡಿದ ಗೊಂಬೆ ತನ್ನದಲ್ಲ ಎಂಬ ಸ್ಥಿತಿ ಇರಲಿಲ್ಲ. ಈ ಮೂರು ಸೇರಿದುದನ್ನೇ ಈ ಲೇಖನದಲ್ಲಿ ‘ಪೆಟ್ಟಿಗೆ’ ಎಂದು ಕರೆಯಲಾಗಿದೆ.

ಕಂಪನಿಯನ್ನು ಬಿಟ್ಟವರು

ಪೆಟ್ಟಿಗೆ ಕುಟುಂಬದ ಕೈಯಿಂದ ಮಾಲೀಕನ ಕೈಗೆ ಹೋದುದನ್ನು ನಾಟಕ ಕಂಪನಿಗಳಲ್ಲಿ ಕಾಣಬಹುದು. 1884ರಲ್ಲಿ ಆರಂಭವಾದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಬಾಲಕನಾಗಿ ಸೇರಿದ ವೀರಣ್ಣನವರು (1891–1972) ಮುಂದೆ ಅದರ ಒಡೆಯರಾದರು. ಪರದೆ, ಉಡುಪು, ರಂಗಸಜ್ಜಿಕೆ, ನಾಟಕದ ಪ್ರತಿ ಎಲ್ಲವೂ ಕಂಪನಿಯ ಸ್ವತ್ತು, ನಟ ಸಂಬಳಗಾರ. ಆದರೆ ಅಲ್ಲಿ ಅನ್ನ, ಆಶ್ರಯ, ಶಿಕ್ಷಣ ಮೂರೂ ದೊರೆಯುತ್ತಿದ್ದವು. ಕಂಪನಿಯೇ ಶಾಲೆಯಾಗಿತ್ತು.

ಹೊರಬಂದ ಕಲಾವಿದರು ಸ್ವಂತ ನೆಲೆ ಕಂಡುಕೊಂಡ ಬಗೆಗೆ ಒಂದು ಉದಾಹರಣೆ ಸಾಕು. ರಂಗಭೂಮಿಯಲ್ಲಿ ಪಳಗಿ ಚಿತ್ರರಂಗಕ್ಕೆ ಬಂದಿದ್ದ ರಾಜ್‌ಕುಮಾರ್, ಬಾಲಕೃಷ್ಣ, ಇದೇ ಜಿಲ್ಲೆಯ ತಿಪಟೂರಿನ ನರಸಿಂಹರಾಜು ಹಾಗೂ ಜಿ. ವಿ. ಅಯ್ಯರ್ ಅವರು ಕನ್ನಡ ಚಿತ್ರಗಳಿಗೆ ಬಂಡವಾಳ ದುರ್ಲಭವಾಗಿದ್ದ ಕಾಲದಲ್ಲಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿಕೊಂಡರು. ಊರೂರು ಸುತ್ತಿ ನಾಟಕವಾಡಿದರು. 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ತಾವೇ ನಿರ್ಮಿಸಿದರು. ಒಬ್ಬೊಬ್ಬರಾಗಿ ಹೊರಡದೆ ಕೂಡಿ ಹೊರಟದ್ದು, ಹೊಸ ಮಾಧ್ಯಮಕ್ಕೆ ಹೋಗುವಾಗ ಹಳೆಯ ಪ್ರೇಕ್ಷಕರ ಬಳಿಗೇ ಮೊದಲು ಹೋದದ್ದು ಇಲ್ಲಿನ ಎರಡು ವಿಶೇಷಗಳು. ಅನಿಮೇಷನ್ ಕಲಾವಿದನ ಪ್ರಶ್ನೆಗೆ ಬಂದಾಗ ಇವೆರಡೂ ಮತ್ತೆ ನೆನಪಾಗುತ್ತವೆ.

ತೊಗಲುಗೊಂಬೆಯಲ್ಲಿಯೂ ಇಂತಹ ಹೆಜ್ಜೆಗಳಿವೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಂಗನಟರಾಗಿ ಹೆಸರು ಮಾಡಿದವರು. ಅವರು ಶ್ರೀ ರಾಮಾಂಜನೇಯ ತೊಗಲುಗೊಂಬೆ ಮೇಳದ ಮೂಲಕ ಪುರಾಣದ ಪೆಟ್ಟಿಗೆಗೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ಸೇರಿಸಿದರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಹೊಸ ಕಥೆಗೆ ಹೊಸ ಗೊಂಬೆ ಕತ್ತರಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರೇ ಸ್ವತಂತ್ರರು ಎಂಬುದಕ್ಕೆ ಅವರ ವೃತ್ತಿಜೀವನ ನಿದರ್ಶನ.

ಸ್ಟುಡಿಯೊ: ಹಂಚಿಹೋದ ಕೈಗಳು

ಅನಿಮೇಷನ್ ಸ್ಟುಡಿಯೊದ ಕೆಲಸದ ಸ್ವರೂಪವನ್ನು ತಿಳಿಯದೆ ಅದನ್ನು ಬಿಡುವುದರ ಅರ್ಥ ತಿಳಿಯದು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಹಾಯುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಹಿಡಿದರೂ ಸೆಕೆಂಡಿಗೆ 12 ಚಿತ್ರಗಳು, ನಿಮಿಷಕ್ಕೆ 720 ಚಿತ್ರಗಳು ಬೇಕು. ಹತ್ತು ನಿಮಿಷದ ಕಥೆಯುದ್ದಕ್ಕೂ ಒಂದೇ ಪಾತ್ರ ಎಡೆಬಿಡದೆ ಚಲಿಸಿದರೆ 7,200 ಚಿತ್ರಗಳಾಗುತ್ತವೆ. ಒಂದು ಕೈ ಇಷ್ಟನ್ನು ಬರೆಯುವುದು ಕಷ್ಟ. ಆದ್ದರಿಂದ ಕೆಲಸ ಹಂಚಿಹೋಗುತ್ತದೆ. ಒಬ್ಬರು ಕಥೆಯನ್ನು ಚಿತ್ರಪಟಗಳಾಗಿ ಒಡೆಯುತ್ತಾರೆ. ಒಬ್ಬರು ಪಾತ್ರದ ರೂಪ ನಿರ್ಧರಿಸುತ್ತಾರೆ. ಹಿರಿಯ ಕಲಾವಿದರು ಚಲನೆಯ ಮುಖ್ಯ ಭಂಗಿಗಳನ್ನು ಬರೆದರೆ ಕಿರಿಯರು ನಡುವಿನ ಭಂಗಿಗಳನ್ನು ತುಂಬುತ್ತಾರೆ. ಹಿನ್ನೆಲೆ, ಬಣ್ಣ, ಸಂಯೋಜನೆಗಳಿಗೆ ಬೇರೆಯವರಿರುತ್ತಾರೆ. ಕಂಪ್ಯೂಟರ್ ಬಂದ ಮೇಲೆ ಸಾಧನ ಬದಲಾಯಿತು, ಹಂಚಿಕೆ ಇನ್ನಷ್ಟು ಸೂಕ್ಷ್ಮವಾಯಿತು.

ಇದರ ಪರಿಣಾಮ ಎರಡು ಬಗೆಯದು. ಹೊಸಬ ಕಲಾವಿದ ಹಿರಿಯರ ಕೈಕೆಳಗೆ ವೃತ್ತಿಯ ಶಿಸ್ತನ್ನು ಕಲಿಯುತ್ತಾನೆ, ಇದು ಲಾಭ. ಆದರೆ ವರ್ಷಗಟ್ಟಲೆ ದುಡಿದರೂ ಅವನು ಯಾವ ಕಥೆಯನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಿರುವುದಿಲ್ಲ. ಕಾನೂನು ಕೂಡ ಸ್ಟುಡಿಯೊದ ಪರವಾಗಿಯೇ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಅವಧಿಯಲ್ಲಿ ನೌಕರಿಯ ಭಾಗವಾಗಿ ಸೃಷ್ಟಿಸಿದ ಕೃತಿಗೆ ಮೊದಲ ಒಡೆಯ ಉದ್ಯೋಗದಾತನೇ. ಕಲಾವಿದ ಬಾಗಿಲು ದಾಟುವಾಗ ಕೈಯ ಕಸುಬನ್ನು ಒಯ್ಯಬಹುದು, ತಾನು ಬರೆದ ಗೊಂಬೆಯನ್ನು ಒಯ್ಯಲಾಗದು.

ರಾಮ್ ಮೋಹನ್: ಹೊರಬಂದ ಹಾದಿ

ಭಾರತದಲ್ಲಿ ಈ ಹಾದಿಯನ್ನು ಮೊದಲಿಗೆ ಸ್ಪಷ್ಟವಾಗಿ ತುಳಿದು ತೋರಿಸಿದವರಲ್ಲಿ ರಾಮ್ ಮೋಹನ್ (1931–2017) ಪ್ರಮುಖರು. ಅವರು ಕನ್ನಡಿಗರಲ್ಲ, ಅವರ ಕಾರ್ಯಕ್ಷೇತ್ರ ಮುಂಬಯಿ. ಆದರೂ ಈ ವೃತ್ತಿಯ ಏರಿಳಿತಗಳೆಲ್ಲ ಅವರ ಬದುಕಿನಲ್ಲಿ ಅಡಕವಾಗಿರುವುದರಿಂದ ಅದನ್ನು ಇಲ್ಲಿ ತುಸು ವಿವರವಾಗಿ ನೋಡಬೇಕಾಗಿದೆ.

ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ಸಂಸ್ಥೆಯ ವ್ಯಂಗ್ಯಚಲನಚಿತ್ರ ಘಟಕವನ್ನು ಅವರು 1956ರಲ್ಲಿ ಸೇರಿದರು. ಡಿಸ್ನಿ ಸ್ಟುಡಿಯೊದಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಅಮೆರಿಕದ ನೆರವಿನ ಯೋಜನೆಯಡಿ ಬಂದು ಅಲ್ಲಿನ ತರುಣರಿಗೆ ತರಬೇತಿ ನೀಡುತ್ತಿದ್ದರು. ಜಾತಕ ಕಥೆಯನ್ನು ಆಧರಿಸಿದ ‘ದಿ ಬ್ಯಾನಿಯನ್ ಡೀರ್’ ಈ ಘಟಕದ ಆರಂಭದ ಚಿತ್ರಗಳಲ್ಲಿ ಒಂದು. ಪಾಶ್ಚಾತ್ಯ ತಂತ್ರವನ್ನು ಕಲಿಯಲು ಆರಿಸಿಕೊಂಡದ್ದು ಇಲ್ಲಿನ ಪ್ರಾಣಿಕಥೆ ಎಂಬುದು ಜಾನಪದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಸರ್ಕಾರಿ ನೌಕರಿ ಭದ್ರವಾಗಿತ್ತು, ಆದರೆ ವಿಷಯಗಳು ಸರ್ಕಾರದ ಪ್ರಚಾರಕ್ಕೆ ಬೇಕಾದುವೇ ಆಗಿದ್ದುವು. ಸುಮಾರು ಹನ್ನೆರಡು ವರ್ಷಗಳ ಸೇವೆಯ ನಂತರ ಅವರು ಅದನ್ನು ಬಿಟ್ಟು ಪ್ರಸಾದ್ ಪ್ರೊಡಕ್ಷನ್ಸ್ ಸಂಸ್ಥೆಯ ಅನಿಮೇಷನ್ ವಿಭಾಗದ ಹೊಣೆ ಹೊತ್ತರು. ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ (1969) ಚಿತ್ರದ ಅನಿಮೇಷನ್ ಭಾಗ ಈ ಅವಧಿಯದು. 1972ರಲ್ಲಿ ರಾಮ್ ಮೋಹನ್ ಬಯೋಗ್ರಾಫಿಕ್ಸ್ ಎಂಬ ಸ್ವಂತ ಸಂಸ್ಥೆ ಆರಂಭಿಸಿದರು.

ಇಲ್ಲಿ ಒಂದು ಅಂಶ ಎದ್ದು ಕಾಣುತ್ತದೆ. ಅವರು ಒಂದೇ ಜಿಗಿತಕ್ಕೆ ಸ್ವತಂತ್ರರಾಗಲಿಲ್ಲ. ಮೊದಲು ಸರ್ಕಾರಿ ಘಟಕದಲ್ಲಿ ಕಸುಬು, ನಂತರ ಖಾಸಗಿ ಸಂಸ್ಥೆಯಲ್ಲಿ ಆಡಳಿತ ಮತ್ತು ಗ್ರಾಹಕರ ಪರಿಚಯ, ಕೊನೆಗೆ ಸ್ವಂತದ್ದು ಎಂಬ ಮೂರು ಮೆಟ್ಟಿಲುಗಳನ್ನು ಅವರು ಹದಿನಾರು ವರ್ಷಗಳಲ್ಲಿ ಹತ್ತಿದರು. ಸ್ವಂತ ಸಂಸ್ಥೆಯನ್ನು ಉಳಿಸಿದ್ದು ಜಾಹೀರಾತು, ಶೈಕ್ಷಣಿಕ ಚಿತ್ರ ಮತ್ತು ಇತರ ನಿರ್ದೇಶಕರ ಚಿತ್ರಗಳಿಗೆ ಮಾಡಿಕೊಟ್ಟ ಭಾಗಗಳು. ಸತ್ಯಜಿತ್ ರೇ ಅವರ ‘ಶತರಂಜ್ ಕೆ ಖಿಲಾಡಿ’ (1977) ಚಿತ್ರದ ಅನಿಮೇಷನ್ ಅಂತಹವುಗಳಲ್ಲಿ ಪ್ರಸಿದ್ಧವಾದುದು. ಜಪಾನಿನ ಯುಗೊ ಸಾಕೊ ಅವರೊಂದಿಗೆ ನಿರ್ದೇಶಿಸಿದ ರಾಮಾಯಣ ಚಿತ್ರ 1992ರದು. ಯುನಿಸೆಫ್‌ಗಾಗಿ ರೂಪಿಸಿದ ‘ಮೀನಾ’ ಎಂಬ ಹುಡುಗಿಯ ಪಾತ್ರ ಹೆಣ್ಣುಮಕ್ಕಳ ಶಿಕ್ಷಣದ ಮಾತನ್ನು ದಕ್ಷಿಣ ಏಷ್ಯಾದ ದೇಶದೇಶಗಳಿಗೆ ಒಯ್ದಿತು. 2014ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು.

ಈ ಸಾಧನೆಯೊಳಗೇ ಒಂದು ಪಾಠವೂ ಅಡಗಿದೆ. ಲಕ್ಷಾಂತರ ಮಕ್ಕಳು ತಮ್ಮವಳೆಂದುಕೊಂಡ ಮೀನಾ ಯುನಿಸೆಫ್‌ನ ಪಾತ್ರ. ರಾಮಾಯಣ ಚಿತ್ರಕ್ಕೆ ಆಧಾರವಾದುದು ಜಪಾನಿನ ಬಂಡವಾಳ. ಅಂದರೆ ಸಂಸ್ಥೆ ಬಿಟ್ಟ ಕಲಾವಿದ ಯಜಮಾನನಿಂದ ಬಿಡುಗಡೆ ಹೊಂದಿದರೂ ಗ್ರಾಹಕನಿಂದ ಬಿಡುಗಡೆ ಹೊಂದಿರುವುದಿಲ್ಲ. ಕೈ ಸ್ವತಂತ್ರವಾಗಿರುತ್ತದೆ, ಪೆಟ್ಟಿಗೆ ಇನ್ನೊಬ್ಬರದಾಗಿಯೇ ಉಳಿಯಬಹುದು. ಸ್ವತಂತ್ರ ವೃತ್ತಿಯ ಚರ್ಚೆಯಲ್ಲಿ ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಅನೇಕ ತರುಣರು ನಿರಾಶೆಗೊಳ್ಳುತ್ತಾರೆ.

ಪುಣ್ಯಕೋಟಿಯ ಪ್ರಯೋಗ

ಪೆಟ್ಟಿಗೆಯನ್ನೂ ತನ್ನದಾಗಿಸಿಕೊಳ್ಳುವ ಪ್ರಯತ್ನಕ್ಕೆ ಕರ್ನಾಟಕದಲ್ಲಿಯೇ ಒಂದು ನಿದರ್ಶನ ದೊರೆಯುತ್ತದೆ. ಕನ್ನಡದ ಗೋವಿನ ಹಾಡನ್ನು ಆಧರಿಸಿ ಬೆಂಗಳೂರಿನ ವಿ. ರವಿಶಂಕರ್ ಅವರು ನಿರ್ದೇಶಿಸಿದ ‘ಪುಣ್ಯಕೋಟಿ’ 2020ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಹೊರಬಂದಿತು. ಇದು ಸಂಸ್ಕೃತದ ಮೊದಲ ಪೂರ್ಣಾವಧಿ ಅನಿಮೇಷನ್ ಚಿತ್ರ. ಇಳಯರಾಜ ಇದಕ್ಕೆ ಸಂಗೀತ ನೀಡಿದರು. ರೇವತಿ ಪಾತ್ರವೊಂದಕ್ಕೆ ದನಿಯಾದರು. ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಳಿಗೆ ಹಿಂದಿರುಗುವ ಹಸುವಿನ ಕಥೆ ಕನ್ನಡಿಗರಿಗೆ ಶಾಲೆಯ ಪಾಠದಿಂದಲೂ ತಾಯಂದಿರ ಹಾಡಿನಿಂದಲೂ ಪರಿಚಿತ.

ಈ ಚಿತ್ರದ ಮಹತ್ವ ಇರುವುದು ಅದು ತಯಾರಾದ ಬಗೆಯಲ್ಲಿ. ದೊಡ್ಡ ಸ್ಟುಡಿಯೊದ ಬಂಡವಾಳವಿಲ್ಲದೆ, ಸಾರ್ವಜನಿಕರಿಂದ ಸಂಗ್ರಹಿಸಿದ ಹಣದ ನೆರವಿನಿಂದ ಕೆಲಸ ನಡೆಯಿತು. ಕಲಾವಿದರು ಒಂದೇ ಸೂರಿನಡಿ ಕೂಡದೆ ತಮ್ಮ ತಮ್ಮ ಊರುಗಳಿಂದಲೇ ಭಾಗಗಳನ್ನು ಪೂರೈಸಿದರು. ಇದನ್ನು ಹೊಸ ಕಾಲದ ಕ್ರಮವೆಂದು ವರ್ಣಿಸಲಾಗುತ್ತದೆ. ಜಾನಪದದ ಕಣ್ಣಿಗೆ ಇದು ತೀರ ಹೊಸದಲ್ಲ. ಆಟ ಆಡಿಸಬೇಕಾದಾಗ ಊರಿನವರು ಮನೆಮನೆಯಿಂದ ವಂತಿಗೆ ಎತ್ತುತ್ತಿದ್ದುದು ಇದೇ ತತ್ತ್ವದಿಂದ. ಆಟ ನೋಡುವ ಮೊದಲೇ ಕೊಡುವವರು ಆಟವನ್ನು ನಂಬಿ ಕೊಡುತ್ತಾರೆ. ಹೀಗೆ ಕೊಟ್ಟವರೇ ಮೊದಲ ಪ್ರೇಕ್ಷಕರೂ ಆಗುತ್ತಾರೆ. ಆಕೃತಿ, ಕಥನ, ಪ್ರೇಕ್ಷಕ ಎಂಬ ಪೆಟ್ಟಿಗೆಯ ಮೂರು ಭಾಗಗಳನ್ನು ಕಲಾವಿದ ಮರಳಿ ಜೋಡಿಸಿಕೊಳ್ಳಬಹುದೆಂಬುದನ್ನು ‘ಪುಣ್ಯಕೋಟಿ’ ತೋರಿಸಿತು. ಕನ್ನಡದ ಹಾಡು ತೆರೆಯ ಮೇಲೆ ಸಂಸ್ಕೃತದಲ್ಲಿ ಮಾತನಾಡಿದ್ದರ ಬಗೆಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಯಾವ ಭಾಷೆಯಲ್ಲಿ ಹೇಳಬೇಕೆಂದು ನಿರ್ಧರಿಸಿದವರು ಚಿತ್ರ ಮಾಡಿದವರೇ ಎಂಬುದು ಸ್ವಾತಂತ್ರ್ಯದ ಲಕ್ಷಣವೇ ಆಗಿದೆ.

ಭದ್ರತೆಯ ಪ್ರಶ್ನೆ

ಸ್ಟುಡಿಯೊದ ನೌಕರಿ ಭದ್ರ, ಸ್ವತಂತ್ರ ವೃತ್ತಿ ಅಭದ್ರ ಎಂಬ ನಂಬಿಕೆಯನ್ನೂ ಪರಿಶೀಲಿಸಬೇಕು. ಕರ್ನಾಟಕ ಸರ್ಕಾರವು ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಕ್ಷೇತ್ರಗಳಿಗಾಗಿ 2012ರಲ್ಲಿಯೇ ನೀತಿ ರೂಪಿಸಿ ಇತರ ರಾಜ್ಯಗಳಿಗೆ ಮಾದರಿಯಾಯಿತು. 2024ರಲ್ಲಿ ಮುಂದಿನ ಐದು ವರ್ಷಗಳಿಗೆ ಹೊಸ ನೀತಿ ಪ್ರಕಟವಾಯಿತು. ಬೆಂಗಳೂರಿನ ಸ್ಟುಡಿಯೊಗಳು ವಿದೇಶಿ ಚಿತ್ರಗಳ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ನಿರ್ವಹಿಸಿದುವು. ಆದರೆ 2025ರ ಫೆಬ್ರವರಿಯಲ್ಲಿ ಅಂತಾರಾಷ್ಟ್ರೀಯ ಟೆಕ್ನಿಕಲರ್ ಸಮೂಹ ಹಣಕಾಸಿನ ಮುಗ್ಗಟ್ಟಿನಿಂದ ಕುಸಿದಾಗ ಅದರ ಭಾರತದ ಶಾಖೆಯೂ ಬಾಗಿಲು ಮುಚ್ಚಿತು. ಬೆಂಗಳೂರು ಮತ್ತು ಮುಂಬಯಿಯ ಸಾವಿರಾರು ಕಲಾವಿದರು ಹಠಾತ್ತಾಗಿ ಕೆಲಸ ಕಳೆದುಕೊಂಡರು. ಕೈಯಲ್ಲಿ ಉನ್ನತ ಕೌಶಲವಿತ್ತು, ಜಗತ್ತು ನೋಡಿದ ಚಿತ್ರಗಳಲ್ಲಿ ಅವರ ದುಡಿಮೆಯಿತ್ತು. ಪೆಟ್ಟಿಗೆ ಮಾತ್ರ ಇರಲಿಲ್ಲ. ಬಿಡುವ ತೀರ್ಮಾನವನ್ನು ಅವರು ಮಾಡಲಿಲ್ಲ, ಅವರ ಪರವಾಗಿ ಬೇರೆಯವರು ಮಾಡಿದರು.

ಅದೇ ವರ್ಷ ಇದಕ್ಕೆ ಎದುರಾದ ಎರಡು ಸಂಗತಿಗಳೂ ನಡೆದವು. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರವನ್ನು ದೇಶದಾದ್ಯಂತ ಜನ ಚಿತ್ರಮಂದಿರಗಳಿಗೆ ಬಂದು ನೋಡಿದರು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ, ತೊಂಬತ್ತು ದಾಟಿದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಲಭಿಸಿತು. ಇವೆರಡೂ ಪುರಾಣಕಥೆಯನ್ನು ಚಲಿಸುವ ಚಿತ್ರವಾಗಿಸುವ ಒಂದೇ ಕಲೆಯ ಎರಡು ತುದಿಗಳು. ಕಥೆಗೂ ಪ್ರೇಕ್ಷಕನಿಗೂ ಕೊರತೆಯಿಲ್ಲ ಎಂಬುದನ್ನು ಮೊದಲನೆಯದು ತಿಳಿಸಿದರೆ, ಜೀವಮಾನವೆಲ್ಲ ಪೆಟ್ಟಿಗೆಯನ್ನು ಬಿಡದವರಿಗೆ ಮನ್ನಣೆ ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು ಎರಡನೆಯದು ತಿಳಿಸುತ್ತದೆ.

ಕಳೆದುಹೋದ ಪೆಟ್ಟಿಗೆಗಳು

ಈ ಚರ್ಚೆಯಲ್ಲಿ ಮರೆಯಬಾರದ ಇನ್ನೊಂದು ಮುಖವಿದೆ. ಅನಿಮೇಷನ್ ಕಲಾವಿದ ತನ್ನ ಪೆಟ್ಟಿಗೆಯನ್ನು ಕಟ್ಟಿಕೊಳ್ಳಲು ಜಾನಪದದ ಕಡೆಗೆ ಕೈಚಾಚುತ್ತಾನೆ. ಗೋವಿನ ಹಾಡಿಗೆ ಬಾಡಿಗೆಯಿಲ್ಲ, ಕಿಳ್ಳೇಕ್ಯಾತನ ರೂಪಕ್ಕೆ ಕೃತಿಸ್ವಾಮ್ಯವಿಲ್ಲ. ಜನಪದ ಅಭಿವ್ಯಕ್ತಿಗಳನ್ನು ಸಮುದಾಯದ ಸ್ವತ್ತೆಂದು ಕಾಪಾಡುವ ಪ್ರತ್ಯೇಕ ಕಾನೂನು ಭಾರತದಲ್ಲಿ ರೂಪುಗೊಂಡಿಲ್ಲ. ಇತ್ತ, ಆಟಕ್ಕೆ ಕರೆ ನಿಂತು ಬಡತನ ಒತ್ತಿದಾಗ ಗೊಂಬೆಯಾಟದ ಅನೇಕ ಕುಟುಂಬಗಳು ಹಿರಿಯರ ಗೊಂಬೆಗಳನ್ನು ವ್ಯಾಪಾರಿಗಳಿಗೆ ಮಾರಿದುವು. ಅವುಗಳಲ್ಲಿ ಕೆಲವು ಜರ್ಮನಿಯ ವಸ್ತುಸಂಗ್ರಹಾಲಯಗಳನ್ನೂ ಸೇರಿವೆ. ಎಂ. ಎಸ್. ನಂಜುಂಡರಾಯರ ಆಸ್ಥೆಯಿಂದ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿಯೂ, ಎಚ್. ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಲ್ಲಿಯೂ ಒಂದಷ್ಟು ಗೊಂಬೆಗಳು ಉಳಿದವು. ಉಳಿದದ್ದು ಸಂತೋಷದ ವಿಷಯವೇ. ಆದರೆ ಗಾಜಿನ ಹಿಂದಿನ ಗೊಂಬೆ ಆಡುವುದಿಲ್ಲ. ಆಡಿಸುತ್ತಿದ್ದವರ ಮೊಮ್ಮಕ್ಕಳ ಬಳಿ ಪೆಟ್ಟಿಗೆಯಿಲ್ಲ.

ಆದ್ದರಿಂದ ಸ್ವತಂತ್ರನಾಗಬಯಸುವ ಅನಿಮೇಷನ್ ಕಲಾವಿದನ ಹಿತವೂ ಗೊಂಬೆಯಾಟದ ಕುಟುಂಬಗಳ ಹಿತವೂ ಪರಸ್ಪರ ವಿರುದ್ಧವಲ್ಲ, ಅವು ಒಂದೇ ಪ್ರಶ್ನೆಯ ಎರಡು ಮುಖಗಳು. ಮೇಳದ ಆಕೃತಿ ಮತ್ತು ಪಾಠಗಳನ್ನು ಬಳಸುವಾಗ ಆ ಕುಟುಂಬದವರ ಹೆಸರನ್ನು ಚಿತ್ರದಲ್ಲಿ ಕಾಣಿಸುವುದು, ಅವರನ್ನು ಮಾಹಿತಿದಾರರೆಂದಲ್ಲದೆ ಸಹ ಕಲಾವಿದರೆಂದು ಕರೆದು ಸಂಭಾವನೆ ನೀಡುವುದು ಕಾನೂನಿಗೆ ಕಾಯದೆ ಮಾಡಬಹುದಾದ ಕೆಲಸ. ಗೊಂಬೆಯಾಟದ ಮನೆಯ ಮಕ್ಕಳಿಗೆ ಅನಿಮೇಷನ್ ಕಲಿಸುವ, ಅನಿಮೇಷನ್ ವಿದ್ಯಾರ್ಥಿಗಳಿಗೆ ತೊಗಲು ಹೆರೆಯುವುದನ್ನು ಕಲಿಸುವ ಜಂಟಿ ಶಿಬಿರಗಳನ್ನು ಅಕಾಡೆಮಿಗಳು ಜಿಲ್ಲೆ ಜಿಲ್ಲೆಗಳಲ್ಲಿ ನಡೆಸಬಹುದು. ಸರ್ಕಾರದ ನೀತಿಗಳು ಸ್ಟುಡಿಯೊಗಳಿಗೆ ಕೊಡುವ ಪ್ರೋತ್ಸಾಹದ ಒಂದು ಪಾಲು ಕಲಾವಿದರ ಸಹಕಾರ ಸಂಘಗಳಿಗೂ ದೊರೆಯುವಂತಾದರೆ 1960ರಲ್ಲಿ ನಾಲ್ವರು ಕಲಾವಿದರು ಕೂಡಿ ಹಿಡಿದ ದಾರಿ ಮತ್ತೆ ತೆರೆದೀತು.

ಒಟ್ಟಿನಲ್ಲಿ, ಸಂಸ್ಥೆಯನ್ನು ಬಿಟ್ಟ ಮಾತ್ರಕ್ಕೆ ಕಲಾವಿದ ಸ್ವತಂತ್ರನಾಗುವುದಿಲ್ಲ. ಸಂಸ್ಥೆಯಲ್ಲಿದ್ದ ಮಾತ್ರಕ್ಕೆ ಸುರಕ್ಷಿತನೂ ಅಲ್ಲ. ತನ್ನ ಆಕೃತಿ, ತನ್ನ ಕಥನ, ತನ್ನನ್ನು ಬಲ್ಲ ಪ್ರೇಕ್ಷಕ ಈ ಮೂರರಲ್ಲಿ ಯಾವುದನ್ನು ಜೊತೆಗೆ ಒಯ್ಯುತ್ತಿದ್ದೇನೆ ಎಂದು ಹೊರಡುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಅಮೃತೂರಿನಂತಹ ಊರಿನಿಂದ ಹೊರಟವರಿಗೆ ಮೂರನೆಯದು ಊರಿನಲ್ಲಿಯೇ ಇದೆ. ಎಣ್ಣೆದೀಪದ ಮುಂದಿನ ಪರದೆಯನ್ನು ರಾತ್ರಿಯಿಡೀ ನೋಡಿದವರ ಮಕ್ಕಳು ಮೊಮ್ಮಕ್ಕಳು ಈಗ ಅಂಗೈಯಗಲದ ಪರದೆಯನ್ನು ನೋಡುತ್ತಿದ್ದಾರೆ. ಅಲ್ಲಿ ಅವರ ಮಾತಿನಲ್ಲಿ, ಅವರ ಕಥೆಯನ್ನು ಆಡಿಸುವವರು ಯಾರು, ಆಡಿಸಿದ ಗೊಂಬೆ ಕೊನೆಗೆ ಯಾರ ಪೆಟ್ಟಿಗೆಗೆ ಮರಳುತ್ತದೆ ಎಂಬುದರ ಮೇಲೆ ಈ ಕಲೆಯ ಮುಂದಿನ ತಲೆಮಾರಿನ ಬದುಕು ನಿಂತಿದೆ.